ಹನ್ನೊಂದು ಗಂಟೆ ಇಪ್ಪತ್ತು ನಿಮಿಷ

ಪುಣೆಯ ಹತ್ತಿರದ ಖಡಕಿಯ ಚಾಳಿನಲ್ಲಿ ನಮ್ಮದು ನಾಲ್ಕನೆಯ ಖೋಲಿ, ಮೌಶಿಯದು ಐದನೆಯದು. ಮೌಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆವೇ ಹೊರತು ಆಕೆ ನಮ್ಮ ಬಳಗದವಳಲ್ಲ. ವಿಜಾಪುರದ ಕಡೆಯ ವಿಧವೆ. ಯುದ್ಧ ಶುರುವಾದ ಮೇಲೆ ಮದ್ದುಗುಂಡಿನ ಕಾರ್ಖಾನೆಗೆ ಸೇರಿದ್ದಳು. ಹನ್ನೊಂದು ವರ್ಷದ ಒಬ್ಬಳೇ ಮಗಳು. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಮನೆಗೆ ಬೀಗ ಹಾಕಿ ಕೀಲಿಕೈಯನ್ನು ನಮ್ಮಲ್ಲಿ ಕೊಡುವಳು, ಸಂಜೆ ಬಂದು ಒಯ್ಯುವಳು. ಒಮ್ಮೆ ಅದು ಕಳೆದು ದೊಡ್ಡ ರಾದ್ಧಾಂತವಾಗಿತ್ತು. ಅಂದಿನಿಂದ ಕೀಲಿಕೈ ಬಂದ ಹೊತ್ತು, ಹೋದ ಹೊತ್ತನ್ನು ನಾನು ಶಾಲೆಯಲ್ಲಿ ಕಲಿತ ಮರಾಠಿಯಲ್ಲಿ ಡೈರಿಗೆ ಬರೆಯತೊಡಗಿದೆ. ನನಗಾಗ ಹದಿನೇಳು. ನಳಕ್ಕೆ ನೀರು ಬಂದ ಹೊತ್ತು, ಹಾಲಿನವನು ತಪ್ಪಿಸಿದ ದಿನ, ಎಲ್ಲಕ್ಕೂ ಅದರಲ್ಲಿ ಜಾಗವಿತ್ತು.

ಹುಡುಗಿ ಶಾಲೆಯಿಂದ ಬಂದ ಮೇಲೆ ನಮ್ಮಲ್ಲೇ ಉಣ್ಣುತ್ತಿದ್ದಳು, ನನ್ನ ಹತ್ತಿರ ಲೆಕ್ಕ ಹೇಳಿಸಿಕೊಳ್ಳುತ್ತಿದ್ದಳು, ಮಧ್ಯಾಹ್ನ ಅವ್ವನ ಮಗ್ಗುಲಲ್ಲಿ ಮಲಗುತ್ತಿದ್ದಳು. ಇದನ್ನು ಮಾತ್ರ ನಾನು ಒಂದು ದಿನವೂ ಬರೆಯಲಿಲ್ಲ. ದಿನವೂ ನಡೆಯುವುದನ್ನು ಬರೆಯುವುದೇನು?

ಶ್ರಾವಣದ ಒಂದು ಮಂಗಳವಾರ ಅವಳು ರೇಲ್ವೆ ಹಳಿಯ ಬದಿಯಲ್ಲಿ ಕಲ್ಲಿದ್ದಲು ಆರಿಸುವಾಗ ಕಾವಲುಗಾರನ ಕೈಗೆ ಸಿಕ್ಕಳು. ಜೊತೆಗಿದ್ದ ಮಕ್ಕಳು ಬುಟ್ಟಿ ಬಿಸಾಕಿ ಓಡಿದರು. ಇವಳ ಬುಟ್ಟಿ ನಮ್ಮ ಮನೆಯದು, ಬಿಟ್ಟು ಓಡಲು ಮನಸ್ಸಾಗಲಿಲ್ಲವಂತೆ. ವ್ಯಾಗನ್ನಿನಿಂದ ಉದುರಿದ ಅರ್ಧ ಬುಟ್ಟಿ ಕಲ್ಲಿದ್ದಲಿಗೆ ಅವಳನ್ನು ಪುಣೆಯ ರಿಮಾಂಡ್ ಹೋಮಿಗೆ ಹಾಕಿದರು. ಮನೆಯ ಸ್ಥಿತಿ ವಿಚಾರಿಸಿ ಆಮೇಲೆ ತೀರ್ಮಾನ ಎಂದರು.

ವಿಚಾರಿಸಲು ಕಪ್ಪು ಟೊಪ್ಪಿಗೆಯ ಅಧಿಕಾರಿಯೊಬ್ಬರು ಮೂರು ಸಲ ಬಂದರು. ಮೂರು ಸಲವೂ ಮಧ್ಯಾಹ್ನ, ಮೌಶಿ ಕಾರ್ಖಾನೆಯಲ್ಲಿರುವ ಹೊತ್ತಿಗೆ. ಬೀಗ ನೋಡಿದರು, ಬರೆದುಕೊಂಡರು. ಎರಡನೆಯ ಸಲ ನಮ್ಮ ಬಾಗಿಲಿಗೂ ಬಂದು ಪಕ್ಕದವರ ಬಗ್ಗೆ ಕೇಳಿದರು. ಧಾರವಾಡಕ್ಕೆ ಹೋಗಿಬಿಟ್ಟಿದ್ದ ಸೋದರಮಾವನ ರೇಷನ್ ಸಕ್ಕರೆ ಕಾರ್ಡನ್ನು ನಾವು ಇನ್ನೂ ಕದ್ದು ಬಳಸುತ್ತಿದ್ದೆವು. ಕೈಚೀಲ ಕಂಡ ಅವ್ವ ಇವರು ರೇಷನ್ ಇನ್ಸ್‌ಪೆಕ್ಟರೇ ಎಂದುಕೊಂಡಳು.

"ಮಾಹೀತ್ ನಾಹೀ," ಎಂದು ಬಾಗಿಲು ಹಾಕಿಕೊಂಡು ನನ್ನತ್ತ ತಿರುಗಿದಳು. "ಗೊತ್ತಿಲ್ಲ ಅಂದ್ರ ಮುಗೀತು. ನಮ್ಮನ್ನೂ ಕೇಳಂಗಿಲ್ಲ, ಅಕಿನ್ನೂ ಕೇಳಂಗಿಲ್ಲ."

ಮೂರನೆಯ ಖೋಲಿಯ ಅಜ್ಜಿಯೂ ಹಾಗೇ ಹೇಳಿದಳು. ಮೌಶಿಯನ್ನು ಕಾಪಾಡಲೆಂದೇ ಇಡೀ ಚಾಳು ಅವಳ ಗುರುತೇ ಇಲ್ಲವೆಂದಿತು.

ವಿಚಾರಣೆಯ ದಿನ ಮೌಶಿಯ ಜೊತೆ ಅವ್ವನೂ ನಾನೂ ಹೋದೆವು. ಮೇಜಿನ ಹಿಂದೆ ಕನ್ನಡಕ ಹಾಕಿದ ಮ್ಯಾಜಿಸ್ಟ್ರೇಟ್ ಹೆಂಗಸು, ಎಲ್ಲರೂ ಬಾಯಿ ಎಂದು ಕರೆಯುತ್ತಿದ್ದರು. ಹುಡುಗಿಯನ್ನು ಗೋಡೆಯ ಹತ್ತಿರ ನಿಲ್ಲಿಸಿದ್ದರು, ತಲೆ ಬೋಳಿಸಿದ್ದರು. ಹೇನು ಎಂದರಂತೆ. ನಾವು ವಾರಕ್ಕೆರಡು ಸಲ ಬಾಚಿ ಹೆಣೆಯುತ್ತಿದ್ದ ತಲೆ ಅದು. ಅಧಿಕಾರಿ ಮರಾಠಿಯಲ್ಲಿ ವರದಿ ಓದಿದರು: ಮೂರು ಸಲವೂ ಮನೆಗೆ ಬೀಗ, ನೆರೆಯವರಿಗೆ ಪರಿಚಯವಿಲ್ಲ, ತಾಯಿಯ ನಡತೆ ತಿಳಿದುಬಂದಿಲ್ಲ.

ನಡತೆ ಎಂಬ ಮಾತು ಕೇಳಿ ನನಗೆ ಮೈ ಉರಿಯಿತು. ಆಕೆ ಒಂದು ದಿನವೂ ತಪ್ಪದೆ ಕೆಲಸಕ್ಕೆ ಹೋಗುತ್ತಾಳೆ, ನೆಟ್ಟಗೆ ಮನೆಗೆ ಬರುತ್ತಾಳೆ, ನನ್ನ ಹತ್ತಿರ ಬರೆದದ್ದಿದೆ ಎಂದು ಡೈರಿಯನ್ನು ಮೇಜಿನ ಮೇಲಿಟ್ಟೆ. ಬಾಯಿ ಪುಟ ತಿರುವಿ ನನ್ನ ಅಕ್ಷರವನ್ನು ಹೊಗಳಿದರು. ನಾನು ಹಿಗ್ಗಿದೆ. ಆ ಹಿಗ್ಗನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅಧಿಕಾರಿ ಬಗ್ಗಿ ನೋಡಿ, ಒಂದು ಸಾಲಿನ ಮೇಲೆ ಬೆರಳಿಟ್ಟರು. ಬೆಳಿಗ್ಗೆ ಆರು ಇಪ್ಪತ್ತು, ಸಂಜೆ ಐದು ನಲವತ್ತು. "ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ದಿನವೂ ಇಷ್ಟು ಹೊತ್ತು ಮಗು ಒಂಟಿ. ಇವರದೇ ಬರಹ."

"ಒಂಟಿ ಎಲ್ಲ್ಯದಾಳ್ರಿ?" ಅವ್ವ ಎದ್ದುನಿಂತಳು. "ನಮ್ಮ ಮನ್ಯಾಗ ಉಣತಾಳ, ನಮ್ಮ ಮನ್ಯಾಗ ಮಲಗ್ತಾಳ!"

ನಾನು ಅದನ್ನು ಮರಾಠಿಯಲ್ಲಿ ಹೇಳಿದೆ. ಡೈರಿಯಲ್ಲಿ ಎಲ್ಲಿದೆ ಎಂದು ಬಾಯಿ ಕೇಳಿದರು. ಎಲ್ಲಿಯೂ ಇರಲಿಲ್ಲ. ಪರಿಚಯವೇ ಇಲ್ಲವೆಂದವರು ನೀವೇ ಅಲ್ಲವೇ ಎಂದು ಅಧಿಕಾರಿ ಅವ್ವನನ್ನು ಕೇಳಿದರು.

ಅವ್ವ ಒಂದು ಗಳಿಗೆ ನನ್ನ ಮುಖ ನೋಡಿದಳು. "ಸಕ್ರಿ ಕಾರ್ಡಿಗೆ ಅಂಜಿ ಅಂದಿದ್ದೆ. ಹೇಳು ಅವರಿಗೆ. ಜೇಲಿಗೆ ಹಾಕ್ತಾರ ಹಾಕ್ಲಿ."

ಹೇಳಿದೆ. ಬಾಯಿ ನಕ್ಕು, ಅದನ್ನು ಬರೆದುಕೊಳ್ಳಬೇಡಿ ಎಂದು ಗುಮಾಸ್ತನಿಗೆ ಹೇಳಿದರು. ಕಾರ್ಡಿನ ಮಾತು ಬಿಟ್ಟರು ಸರಿ, ಅದರ ಜೊತೆ ಊಟದ ಮಾತನ್ನೂ ಬಿಟ್ಟರು! ಆದೇಶದಲ್ಲಿ ಬಂದದ್ದು ನನ್ನ ಲೆಕ್ಕ ಒಂದೇ. ತಾಯಿ ಹಗಲು ಮನೆಯಲ್ಲಿರಲು ಒಪ್ಪಿದರೆ ಮಗಳನ್ನು ಕೊಡುತ್ತೇವೆ, ಇಲ್ಲವಾದರೆ ಹದಿನಾರು ತುಂಬುವವರೆಗೆ ಸಂಸ್ಥೆಯಲ್ಲಿ ಇರಲಿ.

"ನಾ ಮನ್ಯಾಗ ಕುಂತ್ರ ಉಣ್ಣಾಕ ಯಾರು ಹಾಕ್ತಾರ್ರಿ ಬಾಯಿ?" ಎಂದಳು ಮೌಶಿ.

ನಾನು ಅದನ್ನು ಮರಾಠಿಗೆ ತಿರುಗಿಸಿದ್ದಕ್ಕೆ, ಅದು ಈ ಕೋರ್ಟಿಗೆ ಸಂಬಂಧಿಸಿದ್ದಲ್ಲ ಎಂದರು ಬಾಯಿ. ಮೌಶಿ ಮಗಳ ಬೋಳುತಲೆಯನ್ನು ನೋಡುತ್ತಲೇ ಹೆಬ್ಬೆಟ್ಟು ಒತ್ತಿದಳು. ಮರುದಿನ ಕೆಲಸ ಬಿಟ್ಟು, ಕಾರ್ಖಾನೆಯ ಗುರುತಿನ ಹಿತ್ತಾಳೆ ಬಿಲ್ಲೆಯನ್ನು ವಾಪಸು ಕೊಟ್ಟು ಬಂದಳು. ನಾನು ಅತ್ತರೆ ನನಗೇ ಸಮಾಧಾನ ಹೇಳಿದಳು: "ನೀ ಏನ್ ಸುಳ್ಳು ಬರದಿಯೇನವಾ? ಮಗಳು ಬಂದಾಳ, ಸಾಕು."

ಸಾಕೆಂದು ನನಗೆ ಅನಿಸಲಿಲ್ಲ. ಮೌಶಿ ಆಮೇಲೆ ನಸುಕಿನಲ್ಲೂ ಸಂಜೆಯೂ ಮೂರು ಮನೆಗಳ ಪಾತ್ರೆ ತಿಕ್ಕತೊಡಗಿದಳು. ಹಗಲೆಲ್ಲ ಮನೆಯಲ್ಲಿ ಕುಳಿತು ಊರವರ ಜೋಳ ಬೀಸುತ್ತಿದ್ದಳು. ಒಬ್ಬಳ ಕೈ ಸಾಲದೆಂದು ಹುಡುಗಿ ಬೀಸುಕಲ್ಲಿನ ಆಚೆ ಬದಿಗೆ ಕೂತಳು. ಶಾಲೆ ನಿಂತಿತು.

ಆದೇಶದ ಪ್ರಕಾರ ಅಧಿಕಾರಿ ತಿಂಗಳಿಗೊಮ್ಮೆ ನೋಡಲು ಬರಬೇಕು. ಮೊದಲ ಸಲ ಬಂದಾಗ ತಾಯಿ ಮಗಳನ್ನು ಮನೆಯಲ್ಲೇ ಕಂಡು ಸಂತೋಷಪಟ್ಟರು, 'ಸಮಾಧಾನಕರ' ಎಂದು ಬರೆದರು. ಶಾಲೆಯ ಬಗ್ಗೆ ಕೇಳುವುದಿಲ್ಲವೇ ಎಂದೆ. ಆದೇಶದಲ್ಲಿ ಶಾಲೆಯ ಮಾತಿಲ್ಲ ಎಂದು ಪೆನ್ನಿಗೆ ಟೋಪಿ ಹಾಕಿದರು.

ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಪೆನ್ನ ತಗೀರಿ ಸಾಹೇಬ್ರ. ಇವತ್ತ ನನಗ ಎಲ್ಲಾ ಗೊತ್ತದ, ಕೇಳ್ರಿ!"

ಅವರು ಆಗಲೇ ಮೆಟ್ಟಿಲು ಇಳಿಯುತ್ತಿದ್ದರು. ಅವ್ವ ವರಾಂಡದ ಕಟಕಟೆಗೆ ಬಗ್ಗಿ, ಬಾರದ ಮರಾಠಿಯಲ್ಲಿ, ಅವರು ರಸ್ತೆಯ ತಿರುವು ದಾಟುವವರೆಗೂ ಆ ಹುಡುಗಿ ನಮ್ಮಲ್ಲಿ ಉಂಡದ್ದನ್ನೂ ಮಲಗಿದ್ದನ್ನೂ ಕೂಗಿ ಹೇಳುತ್ತಲೇ ಇದ್ದಳು.