ಹಂಚು ಹೊತ್ತು ಸಿಂಹಳಕ್ಕೆ

ಗಜೇಂದ್ರಗಡದಿಂದ ಮುಂಜಾನೆ ಹೊರಟ ಮೋಟಾರಿನಲ್ಲಿ ನನಗೆ ಕೂಡಲು ಜಾಗ ಸಿಕ್ಕಿತು, ಕಾಲಿಡಲು ಸಿಗಲಿಲ್ಲ. ಕಾಲಿಡುವಲ್ಲಿ ಜೋಳದ ಹಿಟ್ಟಿನ ಚೀಲವಿತ್ತು, ತೊಡೆಯ ಮೇಲೆ ರೊಟ್ಟಿ ಬೇಯಿಸುವ ಕಬ್ಬಿಣದ ಹಂಚು. ಪಕ್ಕದಲ್ಲಿ ನನ್ನ ತಮ್ಮ ಮಲ್ಲೇಶಿ ಪುಸ್ತಕದ ಪೆಟ್ಟಿಗೆ ಅಪ್ಪಿಕೊಂಡು ನಗುತ್ತಿದ್ದ. ನಾವು ಹೊರಟಿದ್ದು ಕಡಲಾಚೆಯ ಸಿಂಹಳಕ್ಕೆ. ಆಗ ನಮ್ಮ ಜಿಲ್ಲೆ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು.

ನಾನು ಮಗ್ಗದವನು, ಓದಿದ್ದು ಮೂರನೇ ಇಯತ್ತೆ. ಮಲ್ಲೇಶಿ ಬೆಟಗೇರಿಗೆ ಓದಲು ಹೋದವನು ಅಲ್ಲಿಯೇ ಕ್ರೈಸ್ತನಾದ, ಪಾದ್ರಿಯಾದ. ಈಗ ಬೇರೆ ಪಾದ್ರಿಗಳಿಗೆ ಸತ್ಯವೇದ ಓದಿಸಿ, ಪ್ರಸಂಗ ಮಾಡಲು ಕಲಿಸುತ್ತಿದ್ದ. ಸಿಂಹಳದ ಚಹಾ ತೋಟಗಳ ತಮಿಳು ಪಾದ್ರಿಗಳಿಗೆ ಒಂದು ತಿಂಗಳು ಕಲಿಸಬೇಕೆಂದು ಕರೆ ಬಂದಿತ್ತು. ಜೊತೆಗೊಬ್ಬ ಆಳನ್ನೂ ಕರೆತರಬಹುದು ಎಂದಿದ್ದರು.

ಕ್ರೈಸ್ತನಾದ ಮೇಲೆ ನಮ್ಮ ಮನೆಯಲ್ಲಿ ಅವನ ಊಟ ಹೊರಗಿನ ಕಟ್ಟೆಯ ಮೇಲೆ, ಬೇರೆ ತಾಟಿನಲ್ಲಿ. ಹಾಗೆ ಬಡಿಸುತ್ತಿದ್ದ ಅವ್ವನೇ ಈಗ, “ಅಂವಗ ದಿನಾ ಅನ್ನ ತಿಂದ್ರ ಹೊಟ್ಟಿ ನೋಯ್ತೈತಿ. ಕಡಲ ದಾಟಿ ಉಪಾಸ ಬೀಳ್ತಾನ. ನೀ ಬೆನ್ನ ಹತ್ತಿ ಹೋಗು” ಎಂದು ನನ್ನನ್ನು ಒಲೆಯ ಮುಂದೆ ಕೂಡಿಸಿ ರೊಟ್ಟಿ ಬಡಿಯಲು ಕಲಿಸಿದಳು. ವಾರ ಕಳೆದ ಮೇಲೆ ನನ್ನ ರೊಟ್ಟಿಯನ್ನು ಎತ್ತಿ ಹಿಡಿದು ನೋಡಿ, “ದೇವರ ಅದಾನ, ಹೋಗಿ ಬರ್ರಿ” ಎಂದಳು.

ರೋಣದಲ್ಲಿ ಮೋಟಾರು ನಿಂತಾಗ ಇಬ್ಬರೂ ಒಂದೇ ಕಾಗದದಲ್ಲಿ ಚುರಮರಿ, ಮಿರ್ಚಿ ತಿಂದೆವು. ಅಲ್ಲಿ ನಮ್ಮನ್ನು ಬಲ್ಲವರು ಯಾರೂ ಇರಲಿಲ್ಲ.

ಗದಗಿನಲ್ಲಿ ಗುಂತಕಲ್ಲಿನ ಗಾಡಿ ಹತ್ತಿದೆವು. ಮೂರನೇ ದರ್ಜೆಯ ಡಬ್ಬಿಯಲ್ಲಿ ನನ್ನ ಎದುರಿಗೇ ಬಂದು ಕುಳಿತವರು ನರಗುಂದದ ಅರಿವೆ ವ್ಯಾಪಾರಿ ಶಂಕ್ರಪ್ಪನವರು. ಅವರ ಮಗನಿಗೆ ನನ್ನ ಹಿರಿಯ ಮಗಳನ್ನು ಕೊಡುವ ಮಾತು ನಡೆದಿತ್ತು. ತಮ್ಮನೊಬ್ಬ ಕ್ರೈಸ್ತನಾಗಿದ್ದಾನೆಂದು ನಾನು ಅವರಿಗೆ ಹೇಳಿರಲಿಲ್ಲ.

“ಏನ್ರಿ ಈರಪ್ಪನವರ, ಹಂಚ ಹೊತ್ತು ಎತ್ತಾಗ ಸವಾರಿ?”

“ಸಿಂಹಳಕ್ಕ ರೀ.”

“ಭಲೆ! ಇವರು ಯಾರ್ರಿ?”

“ಪಾದ್ರಿ ಸಾಹೇಬ್ರು. ನಮಗೇನ ಸಂಬಂಧ ಇಲ್ರಿ. ತಿಂಗಳಮಟ ನಾ ಇವರ ಅಡಗಿಯಂವ.”

ಮಲ್ಲೇಶಿ ಕಿಟಕಿಯ ಹೊರಗೆ ನೋಡಿದ. ಶಂಕ್ರಪ್ಪನವರು ಬಳ್ಳಾರಿಯಲ್ಲಿ ಇಳಿಯುವ ತನಕ ಅವನು ತಿರುಗಲಿಲ್ಲ. ಆಮೇಲೆ ನಕ್ಕು, “ಅಡಗಿ ಅಣ್ಣಾ, ಒಂದೀಟ ನೀರ ಕೊಡಪಾ” ಎಂದ. ನಾನೂ ನಕ್ಕೆ. ಅವನ ಮುಖ ನೋಡದೆ ನೀರು ಕೊಟ್ಟೆ.

ಮದರಾಸಿನಿಂದ ಧನುಷ್ಕೋಟಿಗೆ ಇನ್ನೊಂದು ಗಾಡಿ. ಅಲ್ಲಿ ನೆಲವೆಂದರೆ ಮರಳು, ಎಡಕ್ಕೂ ಬಲಕ್ಕೂ ಕಡಲು. ಹಡಗುಕಟ್ಟೆಯ ಅಧಿಕಾರಿ ನನ್ನ ಹಿಟ್ಟಿನ ಚೀಲದಲ್ಲಿ ಮೊಳಕೈ ತನಕ ಕೈ ಹಾಕಿ ಹುಡುಕಿದ. ಇದು ತಿನ್ನುವ ಹಿಟ್ಟೆಂದು ಮಲ್ಲೇಶಿ ಇಂಗ್ಲಿಷಿನಲ್ಲಿ ಎಷ್ಟು ಹೇಳಿದರೂ ನಂಬದೆ, ತಿಂದು ತೋರಿಸು ಎಂದು ನನಗೆ ಸನ್ನೆ ಮಾಡಿದ. ಒಂದು ಹಿಡಿ ಹಸಿ ಹಿಟ್ಟು ಬಾಯಿಗೆ ಹಾಕಿಕೊಂಡೆ. ನೆತ್ತಿಗೇರಿ ಕೆಮ್ಮಿದೆ. ಅಧಿಕಾರಿಯ ಮೀಸೆ ಬೆಳ್ಳಗಾಯಿತು. ಮರುಮಾತಿಲ್ಲದೆ ನಮ್ಮನ್ನು ಹಡಗಿಗೆ ಬಿಟ್ಟ.

ಹಡಗು ಹೊರಟಾಗ ನಾನು ಕಣ್ಣು ಮುಚ್ಚಿ ಹಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. “ಮುಳುಗಿದ್ರ ಅದನ್ನ ಹಿಡಕೊಂಡ ಈಸ್ತೀಯೇನ?” ಎಂದು ಮಲ್ಲೇಶಿ ಕೇಳಿದ. ಕಣ್ಣು ಬಿಡುವಷ್ಟರಲ್ಲಿ ಆಚೆ ದಂಡೆ ಬಂದಿತ್ತು. ಇಷ್ಟೇನಾ ಕಡಲು ಎಂದು ನನಗೆ ಸ್ವಲ್ಪ ನಿರಾಸೆಯೇ ಆಯಿತು.

ಮತ್ತೆ ರೈಲು, ಆಮೇಲೆ ಗುಡ್ಡದ ದಾರಿ. ಚಹಾ ತೋಟಗಳು ಹಸಿರು ಕೌದಿಗೆ ಸಾಲುಸಾಲಾಗಿ ಹೊಲಿಗೆ ಹಾಕಿದಂತಿದ್ದವು. ಮಂಜು ಮನೆಯೊಳಗೇ ಬಂದು ಕೂಡುತ್ತಿತ್ತು. ಗುಡಿಯಂಥದೊಂದು ಸಣ್ಣ ಇಗರ್ಜಿ, ಅದರ ಹಿಂದೆ ಪಾಠದ ಕೋಣೆ, ಅಡಿಗೆಮನೆ. ಹತ್ತು ಹನ್ನೆರಡು ಮಂದಿ ಪಾದ್ರಿಗಳು ಬೇರೆ ಬೇರೆ ತೋಟಗಳಿಂದ ನಡೆದು ಬಂದಿದ್ದರು. ಎಲ್ಲರಿಗೂ ನಾನು ಅಡಿಗೆಯವನೆಂದೇ ಪರಿಚಯವಾಯಿತು. ರೈಲಿನಲ್ಲಿ ನಾನಾಡಿದ ಸುಳ್ಳನ್ನು ಮಲ್ಲೇಶಿ ನನ್ನ ಮಾನಕ್ಕಾಗಿ ನಡೆಸಿಕೊಂಡು ಹೋದ.

ಅವನ ಕಲಿಸುವ ರೀತಿ ಬೇರೆಯೇ ಇತ್ತು. ಮುಂಜಾನೆ ಸತ್ಯವೇದದ ಓದು. ಮಧ್ಯಾಹ್ನ ಒಬ್ಬೊಬ್ಬ ಪಾದ್ರಿ ಎದ್ದು ಪ್ರಸಂಗ ಮಾಡಬೇಕು, ಅದನ್ನು ನಾನು ಕೇಳಬೇಕು! ಕೋಲಾರದ ಕಡೆಯಿಂದ ಬಂದು ಅಲ್ಲಿ ನೆಲೆಸಿದ್ದ ದೇವದಾಸ ಮಾಸ್ತರರು ನನ್ನ ಕಿವಿಯಲ್ಲಿ ಕನ್ನಡ ಮಾಡುತ್ತಿದ್ದರು. ಕೊನೆಗೆ ಮಲ್ಲೇಶಿ, “ಏನ್ ತಿಳೀತಪಾ?” ಎಂದು ಕೇಳುವನು. ನಾನು ತಿರುಗಿ ಹೇಳಿದರೆ ಪ್ರಸಂಗ ಪಾಸು. ಕಡಿಮೆ ಓದಿದವನಿಗೆ ತಿಳಿದರೆ ಕೂಲಿಯವರಿಗೂ ತಿಳಿಯುತ್ತದೆ ಎಂಬುದು ಅವನ ಲೆಕ್ಕ.

ಒಬ್ಬರು ದ್ರಾಕ್ಷಿಬಳ್ಳಿಯ ಮೇಲೆ ಎಷ್ಟು ಹೊತ್ತು ಮಾತಾಡಿದರೆಂದರೆ ನಾನು ಗೊರಕೆ ಹೊಡೆದೆ. ನಾಪಾಸು. ಇನ್ನೊಬ್ಬರು ಬೀಜ ಬಿತ್ತುವವನ ಕಥೆ ಹೇಳಿದರು. “ಕಲ್ಲಿನ ಮ್ಯಾಲ ಬಿತ್ತಾಂವ ಎಂಥಾ ರೈತರೀ? ಲಕ್ಕಲಕಟ್ಟಿಯ ನಮ್ಮ ಮಾವ ಕಂಡಿದ್ರ ಬಾರಕೋಲ ತಗೋತಿದ್ದ” ಎಂದೆ. ಮಾಸ್ತರರು ಅದನ್ನು ತಮಿಳು ಮಾಡಿದಾಗ ಕೋಣೆಯೆಲ್ಲ ನಕ್ಕಿತು. ಅದು ಪಾಸು.

ಜ್ಞಾನಮುತ್ತು ಎಂಬವರೊಬ್ಬರಿದ್ದರು. ನಡುವಯಸ್ಸಿನವರು, ಮಾತು ತೊದಲುತ್ತಿತ್ತು. ಎರಡು ಸಲ ನಾಪಾಸಾಗಿದ್ದರು. ಈ ಸಲವೂ ಆಗದಿದ್ದರೆ ಅವರ ತೋಟದ ಸಭೆಯನ್ನು, ಅಂದರೆ ಅಲ್ಲಿಯ ಕ್ರೈಸ್ತ ಮಂದಿಯನ್ನು, ಬೇರೆ ಪಾದ್ರಿಗೆ ಒಪ್ಪಿಸುವುದೆಂದು ಇಗರ್ಜಿಯ ಹಿರಿಯರು ಹೇಳಿದ್ದರು. ಅವತ್ತು ಅವರು ಯೇಸುವಿನ ಶಿಷ್ಯ ಪೇತ್ರನ ಸಂಗತಿ ಹೇಳಿದರು. ಗುರುವನ್ನು ಹಿಡಿದೊಯ್ದಿದ್ದಾರೆ. ಅಂಗಳದಲ್ಲಿ ಬೆಂಕಿ. ಪೇತ್ರ ಕೈ ಕಾಸುತ್ತಿದ್ದಾನೆ. ನೀನು ಅವನ ಕಡೆಯವನಲ್ಲವೇ ಎಂದು ಕೇಳುತ್ತಾರೆ. ‘ಅವನು ಯಾರೋ, ನಾನರಿಯೆ’ ಎನ್ನುತ್ತಾನೆ. ಜ್ಞಾನಮುತ್ತು ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತು, ಇಲ್ಲದ ಬೆಂಕಿಗೆ ಕೈ ಒಡ್ಡಿ, ಮುಖ ಆಚೆ ತಿರುಗಿಸಿದರು. ಮಾಸ್ತರರು ಕನ್ನಡ ಮಾಡುವ ಮೊದಲೇ ನನಗೆ ಎಲ್ಲವೂ ತಿಳಿದಿತ್ತು. ಗದಗಿನ ಗಾಡಿಯೇ ಕಣ್ಣ ಮುಂದೆ ಬಂದಿತ್ತು.

“ಏನ್ ತಿಳೀತಪಾ?” ಎಂದ ಮಲ್ಲೇಶಿ.

“ಏನೂ ತಿಳೀಲಿಲ್ರಿ.”

“ಖರೇನ?”

“ಖರೇ ರೀ.”

ಜ್ಞಾನಮುತ್ತು ತಲೆ ತಗ್ಗಿಸಿ ಹೋಗಿ ಕುಳಿತರು.

ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಅವರು ಮಾಸ್ತರರನ್ನು ಕರೆದುಕೊಂಡು ಅಡಿಗೆಮನೆಗೆ ಬಂದರು. ಬೈಯಲು ಬಂದರೆಂದು ತಿಳಿದೆ. ಅವರು ಕೈ ಜೋಡಿಸಿದರು. “ನಿಮಗೆ ತಿಳಿಯೋ ಹಾಗೆ ಹೇಳೋಕಾಗಲಿಲ್ಲ, ಕ್ಷಮಿಸಿ ಅಂತಿದ್ದಾರೆ. ಎಲ್ಲಿ ತಪ್ಪಿದೆ ಅಂತ ಕೇಳ್ತಿದ್ದಾರೆ” ಎಂದರು ಮಾಸ್ತರರು. ಹಂಚಿನ ಮೇಲೆ ರೊಟ್ಟಿ ಕರಕಾಯಿತು.

ಊಟಕ್ಕೆ ಎಲ್ಲರೂ ಕುಳಿತಾಗ ನಾನು ರೊಟ್ಟಿಯ ಬುಟ್ಟಿ ಹಿಡಿದು ನಿಂತೆ. “ಮಾಸ್ತರ, ಇದನ್ನ ಎಲ್ಲಾರಿಗೂ ತಿಳಿಸಿ ಹೇಳ್ರಿ. ಇವರ ಪ್ರಸಂಗ ನನಗ ಪೂರಾ ತಿಳೀತು. ತಿಳಿದದ್ದಕ್ಕನ ತಿಳೀಲಿಲ್ಲ ಅಂತ ಸುಳ್ಳ ಹೇಳಿದೆ. ನಾ ಅಡಗಿಯಂವ ಅಲ್ಲ. ಈ ಮಲ್ಲೇಶಿ ನನ್ನ ತಮ್ಮ. ಒಂದ ಹೊಟ್ಟಿಯಾಗ ಹುಟ್ಟೀವಿ. ಇಂವ ನನಗ ಏನೂ ಆಗಬೇಕಾಗಿಲ್ಲ ಅಂತ ರೈಲಿನ್ಯಾಗ ಹೇಳಿದ್ದೆ.”

ಮಾಸ್ತರರು ತಮಿಳಿನಲ್ಲಿ ಹೇಳಿ ಮುಗಿಸಿದರು. ಆಮೇಲೆ ಜ್ಞಾನಮುತ್ತು ತೊದಲುತ್ತ ಏನೋ ಅಂದರು. ಪಂಕ್ತಿಯೆಲ್ಲ ಬಿದ್ದುಬಿದ್ದು ನಕ್ಕಿತು. ಮಾಸ್ತರರು ಕಣ್ಣೊರೆಸಿಕೊಳ್ಳುತ್ತ, “ಅಡಿಗೆಯವರಲ್ಲ ಅನ್ನೋದು ಮೊದಲನೇ ರೊಟ್ಟಿಗೇ ಗೊತ್ತಾಗಿತ್ತಂತೆ” ಎಂದರು. ಮಲ್ಲೇಶಿ ಮಾತ್ರ ನಗಲಿಲ್ಲ. ನನ್ನ ಕೈಯಿಂದ ಬುಟ್ಟಿ ಇಸಿದುಕೊಂಡು ತಾನೇ ಬಡಿಸಿದ. ಮೊದಲ ರೊಟ್ಟಿ ನನ್ನ ತಾಟಿಗೆ, ಎರಡನೆಯದು ಜ್ಞಾನಮುತ್ತು ಅವರ ತಾಟಿಗೆ. “ಪಾಸು” ಎಂದ. ತೋಟದ ಸಭೆ ಅವರಿಗೇ ಉಳಿಯಿತು.

ತಿರುಗಿ ಬಂದಾಗ ಗದಗಿನಲ್ಲಿ ಊರಿನ ಮೋಟಾರು ನಿಂತೇ ಇತ್ತು. ಅದನ್ನು ಬಿಟ್ಟು ನಾನು ಮಲ್ಲೇಶಿಯನ್ನು ಕರೆದುಕೊಂಡು ನರಗುಂದದ ಮೋಟಾರು ಹತ್ತಿದೆ. ಶಂಕ್ರಪ್ಪನವರು ಅಂಗಡಿಯಲ್ಲಿ ಅರಿವೆ ಸುತ್ತುತ್ತಿದ್ದರು. “ಇಂವ ನನ್ನ ಖಾಸ ತಮ್ಮ ರೀ. ಅವತ್ತ ನಿಮ್ಮ ಮುಂದ ಸುಳ್ಳ ಹೇಳಿದೆ” ಎಂದೆ. ಅವರು ಅರಿವೆ ಪೂರ್ತಿ ಸುತ್ತಿಟ್ಟು, “ಮನ್ಯಾಗ ಕೇಳಿ ಹೇಳ್ತೀವ್ರಿ” ಎಂದರು. ಆ ಹೇಳಿಕೆ ಇಂದಿಗೂ ಬಂದಿಲ್ಲ. ಮಗಳನ್ನು ಮುಂದೆ ಪುರ್ತಗೇರಿಗೆ ಕೊಟ್ಟೆವು, ಸುಖವಾಗಿದ್ದಾಳೆ.

ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಅವ್ವ ರೂಢಿಯಂತೆ ಮಲ್ಲೇಶಿಯ ತಾಟನ್ನು ಕಟ್ಟೆಯ ಮೇಲೆ ಇಟ್ಟಳು. ನಾನು ಒಳಗಿದ್ದ ನನ್ನ ತಾಟನ್ನು ಎತ್ತಿಕೊಂಡು ಬಂದು ಅವನ ಪಕ್ಕ ಕುಳಿತೆ. ಅವ್ವ ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿದಳು. ಓಣಿಯ ಕಡೆಗೂ ಒಮ್ಮೆ ನೋಡಿದಳು. ಆಮೇಲೆ ರೊಟ್ಟಿಯ ಬುಟ್ಟಿ ತಂದು ನಮ್ಮ ನಡುವೆ ಕುಳಿತುಬಿಟ್ಟಳು.

“ನಿಮ್ಮಣ್ಣ ರೊಟ್ಟಿ ಹ್ಯಾಂಗ ಬಡೀತಿದ್ದನೋ?”

“ಭಾಳ ಚಲೋ ಬಡೀತಿದ್ದ ಅವ್ವಾ.”

“ಪಾದ್ರಿ ಆದಂವ ಸುಳ್ಳ ಹೇಳಬಾರದೋ” ಎಂದಳು ಅವ್ವ.