ಅಸೆಂಬ್ಲಿ ಅಂಕಲ್ ಮತ್ತು ನನ್ನ ಮೊದಲ ವೋಟು

ಹೋದ ತಿಂಗಳು ಸ್ಯಾನ್ ಡಿಯಾಗೋದ ನಮ್ಮ ಗರಾಜಿನಲ್ಲಿ, ಮೊದಲಿದ್ದ ಟೊರೆನ್ಸ್‌ನಿಂದ ಬಂದ ಮೇಲೂ ಬಿಚ್ಚದೆ ಬಿಟ್ಟಿದ್ದ ಡಬ್ಬಗಳನ್ನು ಬಿಚ್ಚುತ್ತಿದ್ದೆ. ಪಾತ್ರೆಗಳ ಡಬ್ಬದ ತಳ ಗಟ್ಟಿಯಾಗಿರಲಿ ಅಂತ ಯಾರೋ ಒಂದು ಪ್ಲಾಸ್ಟಿಕ್ ಹಲಗೆ ಹಾಕಿದ್ದರು. ಯಾರೋ ಏನು ಬಂತು, ನಾನೇ. ತಿರುಗಿಸಿ ನೋಡಿದರೆ ಅಂಕಲ್ ಹೆಸರು, ಕೆಳಗೆ ನೀಲಿ ಅಕ್ಷರದಲ್ಲಿ ‘ಸ್ಟೇಟ್ ಅಸೆಂಬ್ಲಿ’. ಚುನಾವಣೆ ಬಂತೆಂದರೆ ಇಲ್ಲಿನವರು ತಮಗೆ ಬೇಕಾದವರ ಹೆಸರಿನ ಇಂಥ ಹಲಗೆಯನ್ನು ಮನೆ ಮುಂದಿನ ಹುಲ್ಲಿನಲ್ಲಿ ನೆಡುತ್ತಾರೆ. ನಮ್ಮ ಮನೆ ಮುಂದೆಯೂ ಎರಡು ತಿಂಗಳು ನಿಂತಿತ್ತು. ಬಿಸಿಲಿಗೆ ಒಂದು ಮಗ್ಗುಲು ಬೆಳ್ಳಗಾಗಿದೆ. ಅದನ್ನು ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ... ಕುಕ್ಕರ್ ಹುಡುಕಲು ಹೋದವಳು ಅದನ್ನೂ ಮರೆತೆ.

ಅವರು ನಮಗೆ ನೆಂಟರಲ್ಲ. ಟೊರೆನ್ಸ್‌ನಲ್ಲಿ ನಮ್ಮಿಂದ ಎರಡು ಬೀದಿ ಆಚೆ ಇದ್ದವರು, ಧಾರವಾಡದ ಕಡೆಯವರು. ವಿಮಾನದ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಮೂವತ್ತು ವರ್ಷ ಇಂಜಿನಿಯರ್ ಆಗಿದ್ದು, ರಿಟೈರ್ ಆದ ಮೇಲೆ ಊರಿನ ಸರ್ಕಾರಿ ಶಾಲೆಗಳನ್ನು ನೋಡಿಕೊಳ್ಳುವ ಸ್ಕೂಲ್ ಬೋರ್ಡಿಗೆ ನಿಂತು ಗೆದ್ದಿದ್ದರು. ಕೊರೋನಾ ಬಂದ ವರ್ಷ ರಾಜ್ಯದ ಅಸೆಂಬ್ಲಿಗೆ ನಿಂತರು. ನಮ್ಮೂರಲ್ಲಿ ಎಂಎಲ್‌ಎ ಅಂತೀವಲ್ಲ, ಅದೇ. ಆದರೆ ಹಿಂದೊಂದು ಮುಂದೊಂದು ಕಾರಿಲ್ಲ, ಹಾರ ತುರಾಯಿ ಇಲ್ಲ. ಮುಖಕ್ಕೊಂದು ಮಾಸ್ಕ್, ಹಳೇ ಕಾರಿನ ಡಿಕ್ಕಿಯಲ್ಲಿ ಎರಡು ಮಡಚುವ ಕುರ್ಚಿ. ಮನೆಯೊಳಗೆ ಯಾರೂ ಯಾರನ್ನೂ ಸೇರಿಸದ ಕಾಲ ಅದು. ಗರಾಜಿನ ಮುಂದೆ ಒಂದು ಕುರ್ಚಿ ಮನೆಯವರಿಗೆ, ಆರಡಿ ದೂರದಲ್ಲಿ ಇನ್ನೊಂದು ತಮಗೆ ಹಾಕಿಕೊಂಡು ಕೂತೇ ಮಾತಾಡುತ್ತಿದ್ದರು.

ನಮ್ಮ ಮನೆಗೂ ಬಂದರು. ಕನ್ನಡದವರು ಅಂತ ಗೊತ್ತಾಗಿ ಇಬ್ಬರಿಗೂ ಖುಷಿ. ಮನೆಯಲ್ಲಿ ಎಷ್ಟು ವೋಟಿದೆ ಅಂತ ಕೇಳಿದರು. ಒಂದೂ ಇಲ್ಲ ಅಂಕಲ್, ನಮ್ಮದಿನ್ನೂ ಗ್ರೀನ್ ಕಾರ್ಡು, ಮಗಳು ಇಲ್ಲೇ ಹುಟ್ಟಿದವಳು ಆದರೆ ಅವಳಿಗೆ ಒಂಬತ್ತು ವರ್ಷ ಅಂದೆ. ಇನ್ನು ಎದ್ದು ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ಮುಕ್ಕಾಲು ಗಂಟೆ ಕೂತರು. ಮಗಳ ಆನ್‌ಲೈನ್ ಕ್ಲಾಸು ಹೇಗೆ ನಡೆಯುತ್ತಿದೆ, ಟೀಚರ್ ಏನನ್ನುತ್ತಾರೆ, ಮಧ್ಯಾಹ್ನದ ಊಟ ಯಾರು ಕೊಡುತ್ತಾರೆ ಅಂತೆಲ್ಲ ಕೇಳಿ ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ನಮ್ಮ ಯಜಮಾನರಿಗಂತೂ ನಗು. ವೋಟೇ ಇಲ್ಲದ ಮನೆಯಲ್ಲಿ ಇಷ್ಟು ಹೊತ್ತು ಕೂರುವ ಮನುಷ್ಯ ಗೆದ್ದ ಹಾಗೇ ಇದೆ ಅಂದರು. ಅಂಕಲ್ ಗೆದ್ದರು.

ಆಮೇಲೆ ಶುರುವಾಯಿತು ಅವರ ಓಡಾಟ. ಸೋಮವಾರ ಬೆಳಗ್ಗೆ ವಿಮಾನ ಹತ್ತಿ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೋಗೆ, ಗುರುವಾರ ವಾಪಸ್. ಶುಕ್ರವಾರ, ಶನಿವಾರ ಆಫೀಸಿನಲ್ಲಿ ಫೋನು. ಕೆಲಸ ಹೋದವರಿಗೆ ಸರ್ಕಾರದಿಂದ ಬರಬೇಕಾದ ನೆರವು ಸಿಕ್ಕಿಹಾಕಿಕೊಂಡು ಜನ ಅಳುತ್ತಿದ್ದ ದಿನಗಳು ಅವು. ಚಾಟ್ಸ್‌ವರ್ತ್‌ನ ಒಂದು ಮೆಷಿನ್ ಶಾಪಿನಲ್ಲಿ ಕೆಲಸ ಕಳೆದುಕೊಂಡಿದ್ದ ನಮ್ಮ ಪರಿಚಯದವರೊಬ್ಬರು ಕನ್ನಡದವರು ಅನ್ನುವ ಸಲಿಗೆಯಿಂದ ಇವರಿಗೆ ಫೋನ್ ಮಾಡಿದ್ದರು. ಅದು ಇವರ ಕ್ಷೇತ್ರವೇ ಅಲ್ಲ. ಆದರೂ ಆ ಕಡೆಯ ಸದಸ್ಯರನ್ನು ತಾವೇ ಹಿಡಿದು, ಕೆಲಸ ಆಗುವ ತನಕ ಬಿಡಲಿಲ್ಲ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅವರಿಗೆ ‘ಅಸೆಂಬ್ಲಿ ಅಂಕಲ್’ ಅಂತ ಹೆಸರಾಯಿತು. ಇಲ್ಲಿ ಎರಡೇ ವರ್ಷಕ್ಕೆ ಮತ್ತೆ ಚುನಾವಣೆ. ಎರಡನೇ ಸಲವೂ ಸಲೀಸಾಗಿ ಗೆದ್ದರು. ನಾವೆಲ್ಲ ಬೀಗಿದ್ದೇ ಬೀಗಿದ್ದು, ನಾವೇ ಗೆಲ್ಲಿಸಿದ ಹಾಗೆ.

ಎರಡನೇ ಅವಧಿಯಲ್ಲಿ ಅವರೊಂದು ಮಸೂದೆ ತಂದರು. ಬಸ್ ಓಡಾಡುವ ರಸ್ತೆಗಳ ಹತ್ತಿರ, ಬರೀ ಒಂಟಿ ಮನೆಗಳಿರುವ ಬೀದಿಗಳಲ್ಲೂ ಮೂರಂತಸ್ತಿನ ಅಪಾರ್ಟ್‌ಮೆಂಟ್ ಕಟ್ಟಬಹುದು ಅಂತ. ಸ್ಕೂಲ್ ಬೋರ್ಡಿನಲ್ಲಿದ್ದಾಗ ಅವರು ಕಂಡಿದ್ದರಂತೆ, ನಮ್ಮ ಮಕ್ಕಳ ಟೀಚರುಗಳು ಇಲ್ಲಿ ಬಾಡಿಗೆ ಕೊಡಲಾಗದೆ ಎರಡೆರಡು ಗಂಟೆ ಡ್ರೈವ್ ಮಾಡಿ ಬರುವುದನ್ನು. ನನಗೋ ಮೈಯೆಲ್ಲ ಉರಿದುಹೋಯಿತು. ನಾವು ಹನ್ನೆರಡು ವರ್ಷ ಅಪಾರ್ಟ್‌ಮೆಂಟಿನ ಗೋಡೆಗಳ ನಡುವೆ ಕಳೆದು, ಹೊಟ್ಟೆ ಬಟ್ಟೆ ಕಟ್ಟಿ, ಕರಿಬೇವಿನ ಗಿಡ ನೆಡಲು ಮೂರಡಿ ಮಣ್ಣು ಅಂತ ಆ ಮನೆ ತೆಗೆದುಕೊಂಡಿದ್ದು. ಪಕ್ಕದ ಮನೆಯ ಅಜ್ಜಿ ತೀರಿಕೊಂಡು, ಅವರ ಮಕ್ಕಳು ಬಿಲ್ಡರಿಗೆ ಮಾರಿದ್ದರು. ಮಸೂದೆ ಪಾಸಾಯಿತು. ಬಿಲ್ಡರು ಪ್ಲಾನ್ ಹಾಕಿಯೇಬಿಟ್ಟ. ನನ್ನ ಅಡುಗೆಮನೆ ಕಿಟಕಿಗೆ ಸೂರ್ಯ ಬರುವುದು ಆ ಕಡೆಯಿಂದಲೇ.

ಆರ್ಟೀಸಿಯಾದಲ್ಲಿ ನಮ್ಮವರೆಲ್ಲ ಸೇರಿದ್ದ ಒಂದು ಯುಗಾದಿ ಊಟದಲ್ಲಿ ಅಂಕಲನ್ನು ಮುತ್ತಿಕೊಂಡರು. ನಮ್ಮವರಾಗಿ ನಮಗೇ ಹೀಗೆ ಮಾಡಬಹುದಾ ಅಂತ ಒಬ್ಬರು, ಮನೆ ಬೆಲೆ ಬಿದ್ದರೆ ಯಾರು ಹೊಣೆ ಅಂತ ಇನ್ನೊಬ್ಬರು. ಅಂಕಲ್ ಎಲೆ ಮುಂದೆ ಕೂತು ಒಬ್ಬೊಬ್ಬರಿಗೂ ಉತ್ತರ ಕೊಟ್ಟರು. ಸಿಟ್ಟಾಗಲಿಲ್ಲ, ಹಿಂದೆಯೂ ಸರಿಯಲಿಲ್ಲ. ನಾನು ಹೋಳಿಗೆ ಬಡಿಸುತ್ತಿದ್ದೆ. ಅವರ ಎಲೆ ಹತ್ತಿರ ಬಂದಾಗ ತಲೆಯೆತ್ತಿ ಕೇಳಿದರು:

“ಎಲ್ಲಾರೂ ಹೇಳಿದ್ರು. ನೀ ಏನಂತಿ ತಂಗಿ?”

ಹೇಳಬಹುದಿತ್ತು. ನಾಲಿಗೆ ತುದಿಯಲ್ಲೇ ಇತ್ತು. ಆದರೆ ಅಷ್ಟು ದೊಡ್ಡವರು, ಕೈಯಲ್ಲಿ ಹೋಳಿಗೆ ತಟ್ಟೆ, ಎದುರಿಗೆ ಅವರ ಹೆಂಡತಿ... ದಾಕ್ಷಿಣ್ಯ ಅನ್ನುವುದೊಂದು ನಮಗೆ ಹುಟ್ಟಿನಿಂದ ಅಂಟಿಕೊಂಡು ಬಂದಿರುತ್ತದಲ್ಲ, ಅದು ಬಾಯಿ ಕಟ್ಟಿತು.

“ನೀವು ಮಾಡಿದ್ಮೇಲೆ ಸರಿಯಾಗೇ ಇರತ್ತೆ ಅಂಕಲ್,” ಅಂದೆ. ಇನ್ನೊಂದು ಹೋಳಿಗೆ ಹಾಕಿದೆ, ತುಪ್ಪವನ್ನೂ ಹಾಕಿದೆ.

ಅವರು ನಂಬಿದರು. ನಂಬದೆ ಏನು ಮಾಡುತ್ತಾರೆ? ಮೂರನೇ ಚುನಾವಣೆಗೆ ಹಲಗೆ ತಂದಾಗ ಬೇಡ ಅನ್ನಲಿಲ್ಲ, ಹುಲ್ಲಿನಲ್ಲಿ ನೆಟ್ಟೆ. ಶನಿವಾರಗಳಲ್ಲಿ ಅವರ ಪರವಾಗಿ ಮನೆಮನೆಗೆ ಹೋಗುವ ಹುಡುಗ ಹುಡುಗಿಯರಿಗೆ ಉಪ್ಪಿಟ್ಟು ಮಾಡಿಕೊಟ್ಟೆ. ಮಗಳು ಒಂದು ದಿನ, “ಬಟ್ ಅಮ್ಮಾ, ಯು ಹೇಟ್ ಹಿಸ್ ಬಿಲ್,” ಅಂದಳು. ಸುಮ್ಮನಿರು, ನಿನಗೆ ಗೊತ್ತಾಗಲ್ಲ ಅಂತ ಗದರಿದೆ. ಗೊತ್ತಾಗುವಂಥದ್ದೇನಿತ್ತು ಅದರಲ್ಲಿ?

ಆ ಬೇಸಿಗೆಯಲ್ಲೇ ನಾನು ಇಲ್ಲಿಯ ನಾಗರಿಕಳಾದೆ. ಬಂದು ಹದಿನೆಂಟು ವರ್ಷವಾಗಿತ್ತು. ಲಾಸ್ ಏಂಜಲಿಸ್‌ನ ದೊಡ್ಡ ಸಭಾಂಗಣದಲ್ಲಿ ಸಾವಿರಾರು ಜನರ ನಡುವೆ ಕೈಯೆತ್ತಿ ಪ್ರಮಾಣ ಮಾಡಿ, ಹೊರಗೆ ಬಂದ ತಕ್ಷಣ ಮತದಾರರ ಪಟ್ಟಿಯ ಅರ್ಜಿಗೆ ಇಂಗ್ಲಿಷಿನಲ್ಲಿ ಸಹಿ ಹಾಕಿದೆ. ಅಂಕಲ್ ಫೋನ್ ಮಾಡಿ ಅಭಿನಂದಿಸಿದರು. ಈಗ ನಿಮ್ಮ ಮನೆಯಲ್ಲೊಂದು ವೋಟು ಬಂತು ಅಂತ ನಕ್ಕರು.

ವೋಟಿನ ಚೀಟಿ ಅಂಚೆಯಲ್ಲೇ ಮನೆಗೆ ಬರುತ್ತದೆ ಇಲ್ಲಿ. ಊಟದ ಮೇಜಿನ ಮೇಲೆ ಬಿಡಿಸಿಕೊಂಡು ಒಬ್ಬಳೇ ಕೂತೆ. ಯಜಮಾನರು ಆಗಲೇ ಸ್ಯಾನ್ ಡಿಯಾಗೋದಲ್ಲಿ ಹೊಸ ಕೆಲಸ ಹಿಡಿದು ವಾರಕ್ಕೊಮ್ಮೆ ಬರುತ್ತಿದ್ದರು. ಕಿಟಕಿಯಾಚೆ ಅಜ್ಜಿಯ ಮನೆ ಕೆಡವಿದ್ದ ಜಾಗ. ಎದುರಾಳಿಯ ಹೆಸರಿನ ಮುಂದೆ ಗುರುತು ಹಾಕಿದೆ. ಹಿಂದೆಮುಂದೆ ನೋಡಲಿಲ್ಲ, ಸುಳ್ಳೇಕೆ ಹೇಳಲಿ? ಅದು ನನ್ನ ಅಭಿಪ್ರಾಯ, ನನ್ನ ಹಕ್ಕು. ಲಕೋಟೆ ಅಂಟಿಸಿ ಮೇಲೆ ಸಹಿ ಮಾಡುವಾಗ ಮಾತ್ರ ಅದೇನು ಉಮೇದು ಬಂತೋ, ಜೀವಮಾನದ ಮೊದಲ ವೋಟು ಅಂತ ಕನ್ನಡದಲ್ಲಿ ಸಹಿ ಮಾಡಿದೆ, ಬ್ಯಾಂಕಿನ ಪಾಸ್‌ಬುಕ್ಕಿಗೆ ಬೆಂಗಳೂರಿನಲ್ಲಿ ಮಾಡುತ್ತಿದ್ದ ಹಾಗೆ ಚೆನ್ನಾಗಿ ಕೊಂಬು ಎಳೆದು. ಅರ್ಜಿಯಲ್ಲಿನ ಸಹಿಗೂ ಲಕೋಟೆಯ ಸಹಿಗೂ ತಾಳೆ ನೋಡುತ್ತಾರೆ ಅನ್ನುವುದು ತಲೆಗೇ ಹೊಳೆಯಲಿಲ್ಲ.

ಎಣಿಕೆ ವಾರಗಟ್ಟಲೆ ನಡೆಯಿತು. ಅಂಕಲ್ ಒಂದು ದಿನ ಮುಂದೆ, ಒಂದು ದಿನ ಹಿಂದೆ. ಸಹಿ ತಾಳೆಯಾಗದ ಲಕೋಟೆಗಳನ್ನು ಬಿಡಿಸದೆ ಪಕ್ಕಕ್ಕಿಟ್ಟಿರುತ್ತಾರೆ. ಆ ಮತದಾರರು ಒಂದು ಫಾರಂಗೆ ಸರಿಯಾಗಿ ಸಹಿ ಮಾಡಿಕೊಟ್ಟರೆ ಮಾತ್ರ ಅವು ಎಣಿಕೆಗೆ. ಅಂಥವರ ಪಟ್ಟಿ ತಂದು ನಮ್ಮ ಗುಂಪು ಮತ್ತೆ ಮನೆಮನೆ ಅಲೆಯತೊಡಗಿತು. ನಾನೂ ಹೋದೆ, ಅದೂ ದಾಕ್ಷಿಣ್ಯಕ್ಕೇ. ನಿಮ್ಮ ಒಂದು ವೋಟು ಅಂದರೆ ಸಾಮಾನ್ಯವಲ್ಲ ಅಂತ ನಾಲ್ಕು ದಿನ ಕಂಡಕಂಡವರಿಗೆಲ್ಲ ಹೇಳಿದೆ.

ಐದನೇ ದಿನ ಮಧ್ಯಾಹ್ನ ಬಾಗಿಲು ತೆಗೆದರೆ ಅಂಕಲ್. ರಸ್ತೆಯಲ್ಲಿ ಕಾರು, ಕಾರಿನಲ್ಲಿ ಆಂಟಿ. ಪಟ್ಟಿಗೆ ಹೊಸದಾಗಿ ಸೇರಿದ ಹೆಸರುಗಳಲ್ಲಿ ನನ್ನದೂ ಇತ್ತು. ಬೇರೆಯವರನ್ನು ಕಳಿಸುವುದೇಕೆ, ಹತ್ತಿರದ ಮನೆ, ನಾನೇ ಹೋಗುತ್ತೇನೆ ಅಂತ ಬಂದಿದ್ದರು. ಫಾರಂ ಮುಂದೆ ಹಿಡಿದರು.

ಸಹಿ ಮಾಡಿದರೆ ಅವರ ಕೈಯಿಂದಲೇ ಅವರ ವಿರುದ್ಧ ಒಂದು ವೋಟು ಸಾಗಿಸಿದ ಹಾಗೆ. ಮಾಡದಿದ್ದರೆ...

“ಹೋಗ್ಲಿ ಬಿಡಿ ಅಂಕಲ್,” ಅಂದೆ. “ಒಂದು ವೋಟಿಂದ ಏನಾಗತ್ತೆ?”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ನನ್ನ ಮುಖ ನೋಡಿದರು. ಹುಲ್ಲಿನಲ್ಲಿದ್ದ ತಮ್ಮದೇ ಹೆಸರಿನ ಹಲಗೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಜೇಬಿನಿಂದ ಪೆನ್ ತೆಗೆದು ಕೊಟ್ಟರು.

“ನೀ ಯಾರಿಗೆ ಹಾಕೀದಿ ಅಂತ ನಾ ಕೇಳಂಗಿಲ್ಲ. ಹದಿನೆಂಟು ವರ್ಷ ಕಾದೀದಿ ಇದಕ್ಕ. ಹಾಕಿದ್ದು ಎಣಿಕ್ಯಾಗ ಬರಬೇಕು, ಅಷ್ಟ.”

ಗೋಡೆಗೆ ಫಾರಂ ಒತ್ತಿಹಿಡಿದು ಇಂಗ್ಲಿಷಿನಲ್ಲಿ ಸಹಿ ಮಾಡಿದೆ. ಅವರು ಕನ್ನಡಕ ಏರಿಸಿ ಪೂರ್ತಿ ಓದಿ, ತಾರೀಖು ಬರೆದಿಲ್ಲ ನೋಡು ಅಂತ ತೋರಿಸಿದರು. ಬರೆದೆ. ಮಡಿಸಿ, ಮಿಕ್ಕ ಫಾರಂಗಳ ಜೊತೆ ಸೇರಿಸಿಕೊಂಡು ಹೋದರು. ಆ ದಿನವೇ ಎಣಿಕೆಯ ಕಚೇರಿಗೆ ಅವರೇ ಕೊಟ್ಟು ಬಂದರು ಅಂತ ಆಮೇಲೆ ಗೊತ್ತಾಯಿತು.

ಅಂಕಲ್ ಸೋತರು. ಸೋತ ಅಂತರ ತೀರಾ ಕಡಿಮೆ, ಆದರೂ ನನ್ನೊಬ್ಬಳದಕ್ಕಿಂತ ಜಾಸ್ತಿ. ಆ ಲೆಕ್ಕ ಹಿಡಿದು ಎಷ್ಟೋ ದಿನ ಸಮಾಧಾನ ಮಾಡಿಕೊಂಡೆ. ಅವರಿಗೆ ಮುಖ ತೋರಿಸಲು ಮಾತ್ರ ಆಗಲಿಲ್ಲ. ಮುಂದಿನ ಬೇಸಿಗೆಗೆ ಮನೆ ಬಿಟ್ಟು ಸ್ಯಾನ್ ಡಿಯಾಗೋಗೆ ಬಂದೆವು, ಹೊರಡುವ ಮುಂಚೆ ಹೇಳಿ ಬರಲೂ ಹೋಗಲಿಲ್ಲ. ಒಂದು ಮೆಸೇಜ್ ಹಾಕಿದೆ. ಚೆನ್ನಾಗಿರಿ ಅಂತ ಉತ್ತರ ಬರೆದಿದ್ದರು.

ಆರು ತಿಂಗಳಲ್ಲಿ ಸುದ್ದಿ ಬಂತು. ಬೆಳಗ್ಗೆ ವಾಕಿಂಗ್ ಹೋದವರು ಬೀದಿಯಲ್ಲೇ ಕುಸಿದರಂತೆ. ಆಸ್ಪತ್ರೆ ಮುಟ್ಟಲಿಲ್ಲ.

ಹದಿಮೂರು ದಿನ ಕಳೆದ ಮೇಲೆ ಆಂಟಿಯನ್ನು ನೋಡಲು ಹೋದೆ. ಅವರು ಅಂಕಲ್ ಅಂಗಿಗಳನ್ನು ಕೊಟ್ಟುಬಿಡಲು ಮಡಚುತ್ತಿದ್ದರು. ನಾನೂ ಕೂತು ಮಡಚಿದೆ. ಮಗಳು ಹೇಗಿದ್ದಾಳೆ, ಅಲ್ಲಿ ಮನೆ ಹೇಗಿದೆ ಅಂತ ಕೇಳಿದರು. ಆಮೇಲೆ ಯಾವ ಬೇಸರವೂ ಇಲ್ಲದ ದನಿಯಲ್ಲಿ, ಕೈಯಲ್ಲಿದ್ದ ಅಂಗಿಯ ಗುಂಡಿ ಹಾಕುತ್ತಲೇ ಹೇಳಿದರು:

“ಅವತ್ತ ನಿನ್ನ ಫಾರಂ ಇಸ್ಕೊಂಡ ಬಂದು ಕಾರಿನಾಗ ಕೂತ್ರು. ‘ಈ ಹುಡುಗಿ ನನಗ ಹಾಕಿಲ್ಲ’ ಅಂದ್ರು.”

ಮಡಚುತ್ತಿದ್ದ ಅಂಗಿಯನ್ನು ಕೆಳಗಿಟ್ಟೆ. ಅವರಿಗೆ ಬೇಜಾರಾಯಿತಾ ಆಂಟಿ ಅಂತ ಕೇಳಿದೆ.

“ಆತವಾ, ಆಗಲಾರದ ಏನು? ವೋಟ್ ಹೋತಂತಲ್ಲ. ‘ಎಲಿ ಮುಂದ ಕೂತು ನಾನಾಗೇ ಕೇಳಿದ್ದೆ. ಅವಾಗ ಬ್ಯಾಡ ಅಂದಿದ್ರ ಅಕಿ ಕೂಡ ಒಂದ್ ತಾಸು ವಾದಾ ಮಾಡ್ತಿದ್ದೆ. ಅಷ್ಟೂ ಅವಕಾಶ ಕೊಡಲಿಲ್ಲ ನೋಡು’ ಅಂದ್ರು.”

ವಾಪಸ್ ಬರುವಾಗ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಅತ್ತೆ, ಹೆದ್ದಾರಿ ಹತ್ತುವ ಮುಂಚೆ, ಯಾವುದೋ ಅಂಗಡಿಯ ಪಾರ್ಕಿಂಗ್‌ನಲ್ಲಿ. ಅವರ ವಿರುದ್ಧ ವೋಟು ಹಾಕಿದ್ದಕ್ಕಲ್ಲ. ಆ ಮಸೂದೆ ಅರ್ಧ ತಪ್ಪು ಅಂತ ಇವತ್ತಿಗೂ ನನಗನ್ನಿಸುತ್ತದೆ. ವೋಟೇ ಇಲ್ಲದ ನಾನು ಏನು ಹೇಳುತ್ತೇನೆ ಅಂತ ಮುಕ್ಕಾಲು ಗಂಟೆ ಕೂತು ಕೇಳಿದ ಮನುಷ್ಯನಿಗೆ, ವೋಟು ಬರುವ ಹೊತ್ತಿಗೆ ನಾನು ಹೋಳಿಗೆ ಬಡಿಸಿ ಬಾಯಿ ಮುಚ್ಚಿಸಿದೆನಲ್ಲ, ಅದಕ್ಕೆ.

ಈಗ ಅಡುಗೆ ಮಾಡುವಾಗ, ಡ್ರೈವ್ ಮಾಡುವಾಗ ಒಬ್ಬಳೇ ಆ ವಾದ ಮಾಡುತ್ತೇನೆ. ಬೆಳಕಿನ ಮಾತು, ಪಾರ್ಕಿಂಗಿನ ಮಾತು, ಕರಿಬೇವಿನ ಗಿಡದ ಮಾತು, ಒಂದೊಂದನ್ನೂ ಅವರ ಮುಂದಿಡುತ್ತೇನೆ. ಕೆಲವಕ್ಕೆ ಅವರು ಏನು ಹೇಳುತ್ತಿದ್ದರು ಅಂತ ಊಹಿಸಬಲ್ಲೆ. ಕೆಲವಕ್ಕೆ ಎಷ್ಟು ಯೋಚಿಸಿದರೂ ಅವರ ಉತ್ತರ ಹೊಳೆಯುವುದಿಲ್ಲ... ಅಲ್ಲಿಗೆ ನಿಂತುಬಿಡುತ್ತದೆ ವಾದ. ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ.