ಧೂಳಪ್ಪ ಮಾಸ್ತರರು ಹಿಡಿದ ಕಾಪಿ

ಧೂಳಪ್ಪ ಮಾಸ್ತರರು ಬೆರಳದ್ದಿ ನೋಡದೆ ಹಾಲನ್ನು ಚಹಾಕ್ಕೆ ಹಾಕುವವರಲ್ಲ. ಕರೋಶಿ ಬಸ್ಸು ಹೊತ್ತಿಗೆ ಸರಿಯಾಗಿ ಬಂದರೂ ಅವರಿಗೆ ಅನುಮಾನ. ಚಿಕ್ಕೋಡಿ ತಾಲೂಕಿನ ನಮ್ಮ ಹೈಸ್ಕೂಲಿನಲ್ಲಿ ಅವರು ಇಂಗ್ಲಿಷ್ ಕಲಿಸುತ್ತಾರೆ, ನಾನು ಗಣಿತ. ಮನುಷ್ಯ ಒಳ್ಳೆಯವರೇ, ಈ ಒಂದು ಚಾಳಿಗೆ ಮಾತ್ರ ನನಗೆ ಮೈ ಉರಿಯುತ್ತದೆ.

ಈ ಸಲ ಅವರ ಕಣ್ಣು ಬಿದ್ದದ್ದು ಹತ್ತನೆಯ ತರಗತಿಯ ಅಫ್ರೀನ, ಕೋಮಲರ ಮೇಲೆ. ಪರೀಕ್ಷೆಯಲ್ಲಿ ಇಬ್ಬರೂ ಇಂಗ್ಲಿಷಿನ ‘ದಿ’ (the) ಎಂಬ ಪದವನ್ನು ಬಿಟ್ಟದ್ದು ಒಂದೇ ಜಾಗಗಳಲ್ಲಿ. ಒಂದೇ ಬೆಂಚಿನವರು ಬೇರೆ. ಮಾಸ್ತರರು ಕಾಪಿ ಎಂದು ತೀರ್ಮಾನಿಸಿಯೇ ಬಿಟ್ಟರು.

ಸುದ್ದಿ ಕೇಳಿ ಅಫ್ರೀನಳ ತಂದೆ, ಗಾದಿ ಹೊಲಿಯುವ ಇಬ್ರಾಹಿಮ, ಕೆಲಸ ಬಿಟ್ಟು ಓಡಿ ಬಂದರು. ನಿಜವಾದರೆ ಇವತ್ತೇ ಶಾಲೆ ಬಿಡಿಸುತ್ತೇನೆ ಎಂದರು.

ನಾನು ಮಾಸ್ತರರಿಗೆ ಹೇಳಿ ನೋಡಿದೆ. ಅಫ್ರೀನಳ ಮನೆಮಾತು ಉರ್ದು, ಕೋಮಲಳದು ಮರಾಠಿ, ನಮ್ಮದು ಕನ್ನಡ. ಮೂರರಲ್ಲೂ ಆ ‘ದಿ’ ಇಲ್ಲ. ಎಮ್ಮೆ ಈಯಿತು ಎಂದರೆ ಯಾವ ಎಮ್ಮೆಯೆಂದು ಮನೆಮಂದಿಗೆಲ್ಲ ಗೊತ್ತು. ನಮ್ಮ ಕಡೆಯವರೆಲ್ಲ ಎಡವುವುದು ಅಲ್ಲೇ ಎಂದೆ. ಮಾಸ್ತರರು ನನ್ನನ್ನೂ ಓರೆಗಣ್ಣಿನಿಂದ ನೋಡಿದರು.

ಕೊನೆಗೆ ಕೋಮಲಳನ್ನು ಆಫೀಸಿನಲ್ಲಿ, ಅಫ್ರೀನಳನ್ನು ತರಗತಿಯಲ್ಲಿ ಕೂರಿಸಿ, ಇಬ್ಬರಿಗೂ ಒಂದೇ ಸಣ್ಣ ಕತೆ ಹೇಳಿ ಇಂಗ್ಲಿಷಿನಲ್ಲಿ ಬರೆಸಿದರು. ಎರಡೂ ಹಾಳೆಗಳಲ್ಲಿ ‘ದಿ’ ಮತ್ತೆ ಅವವೇ ಜಾಗಗಳಲ್ಲಿ ನಾಪತ್ತೆ. ಸನ್ನೆ ಮಾಡಿದವರು ಯಾರು ಎಂದು ಮಾಸ್ತರರು ಕಿಟಕಿಯಾಚೆ ಇಣುಕಿ ಬಂದರು.

ಆಗ ತರಗತಿಯ ಹಲಗೆ ಅವರ ಕಣ್ಣಿಗೆ ಬಿತ್ತು. ಪಾಠದಿಂದ ಇಳಿಸಿದ ಇಂಗ್ಲಿಷ್ ವಾಕ್ಯಗಳಿದ್ದವು. ಪುಸ್ತಕ ತೆರೆದು ಹೋಲಿಸಿದರು. ಅಲ್ಲಿಯೂ ‘ದಿ’ ಬಿಟ್ಟುಹೋಗಿತ್ತು.

“ಇದನ್ನ ಯಾರ ಬರದಾರ?” ಎಂದು ಗದರಿದರು.

ಅಫ್ರೀನ ಕಣ್ಣೊರೆಸಿಕೊಂಡಳು. “ನೀವ ರೀ ಸರ, ಮುಂಜಾನೆ. ನಮ್ಮ ಮನ್ಯಾಗ ಯಾರಿಗೂ ಇಂಗ್ಲಿಷ್ ಬರೂದಿಲ್ರಿ. ನೀವು ಬರದದ್ದನ್ನ ನೋಡೇ ಕಲ್ತೇವ್ರಿ.”

ಮಾಸ್ತರರು ಹಲಗೆಯ ಹತ್ತಿರ ಹೋಗಿ ನೋಡಿದರು. ಅಕ್ಷರ ಅವರದೇ. ಬಾಗಿಲಲ್ಲಿದ್ದ ಇಬ್ರಾಹಿಮರತ್ತ ತಿರುಗಿದರು.

“ಸಾಲಿ ಬಿಡಸಬ್ಯಾಡ್ರಿ, ಇಬ್ರಾಹಿಮಭಾಯಿ. ಕಾಪಿ ಹೊಡದಾರ ಖರೆ. ನನ್ನ ನೋಡಿ ಹೊಡದಾರ.”